ಮುಖ ನೆನಪಿರದಿದ್ದರೂ ಜನರನ್ನು ಗುರುತು ಹಿಡಿಯುವುದು ಹೇಗೆ?

ಮುಖ ನೆನಪಿನಲ್ಲಿ ನಿಲ್ಲುವುದಿಲ್ಲ ಎಂದು ಹೇಳಿಕೊಂಡರೆ ಎಲ್ಲರೂ ಕೊಡುವ ಸಲಹೆ ಒಂದೇ: ಇನ್ನೊಂದು ಸಲ ಸರಿಯಾಗಿ ನೋಡು. ಈ ಸಲಹೆಯನ್ನು ಮೊದಲು ಪಕ್ಕಕ್ಕಿಡಿ. ಎದುರಿನವರ ಮುಖವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಮರುದಿನ ಅದೇ ಮುಖ ಹೊಸದಾಗಿ ಕಾಣುವವರಿದ್ದಾರೆ. ಅವರಿಗೆ ಗಮನವೂ ಇದೆ, ಕಣ್ಣೂ ಚೆನ್ನಾಗಿದೆ, ಉಳಿದ ವಿಷಯಗಳೆಲ್ಲ ನೆನಪೂ ಇರುತ್ತವೆ. ಕೊರತೆ ಇರುವುದು ಮುಖ ಗುರುತಿಸುವ ಆ ಒಂದು ಕೆಲಸದಲ್ಲಿ ಮಾತ್ರ. ಇದಕ್ಕೆ ಪ್ರೊಸೊಪಾಗ್ನೋಸಿಯಾ ಎಂದು ಹೆಸರಿಟ್ಟವರು ಜರ್ಮನಿಯ ವೈದ್ಯ ಯೋಆಖಿಮ್ ಬೊಡಾಮರ್, 1947ರಲ್ಲಿ, ಮಿದುಳಿಗೆ ಪೆಟ್ಟಾದವರನ್ನು ಪರೀಕ್ಷಿಸಿದ ಮೇಲೆ. ಆದರೆ ಪೆಟ್ಟಾಗಲೇಬೇಕು ಅಂತೇನಿಲ್ಲ. ಹುಟ್ಟಿನಿಂದಲೇ ಹೀಗಿರುವವರೇ ಜಾಸ್ತಿ, ನೂರಕ್ಕೆ ಸುಮಾರು ಇಬ್ಬರು ಎಂಬ ಅಂದಾಜಿದೆ, ಒಂದೇ ಮನೆಯಲ್ಲಿ ಹಲವರಿಗೆ ಇರುವುದೂ ಉಂಟು. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಅವರಿಗೆ ಇತ್ತು, ಚಿಂಪಾಂಜಿಗಳನ್ನು ಅಧ್ಯಯನ ಮಾಡಿದ ಜೇನ್ ಗುಡಾಲ್ ಅವರಿಗೂ ಇತ್ತು. ಆಳೆತ್ತರಕ್ಕಿಂತ ದೊಡ್ಡ ಮುಖಚಿತ್ರಗಳಿಗೆ ಹೆಸರಾದ ಕಲಾವಿದ ಚಕ್ ಕ್ಲೋಸ್ ಅವರಿಗೂ ಇತ್ತು ಎಂದರೆ ನಂಬುವುದು ಕಷ್ಟ, ಅಲ್ವಾ?

ಇದು ಹೇಗಿರುತ್ತದೆ ಎಂದು ಸ್ವಲ್ಪವಾದರೂ ತಿಳಿಯಬೇಕಾದರೆ ಒಂದು ಗುಂಪು ಫೋಟೊವನ್ನು ತಲೆಕೆಳಗು ಮಾಡಿ ಹಿಡಿದು ನೋಡಿ. ಕಣ್ಣು, ಮೂಗು, ಬಾಯಿ ಎಲ್ಲವೂ ಕಾಣುತ್ತವೆ, ಆದರೆ ಯಾರು ಯಾರು ಎಂದು ತಟ್ಟನೆ ಹೊಳೆಯುವುದಿಲ್ಲ. ಏಕೆಂದರೆ ಮುಖವನ್ನು ನಾವು ಇಡಿಯಾಗಿ ಓದುತ್ತೇವೆ, ತಲೆಕೆಳಗಾದಾಗ ಆ ಇಡಿ ಒಡೆದು ಬಿಡಿಭಾಗಗಳಷ್ಟೇ ಉಳಿಯುತ್ತವೆ. ಇಡಿ ಕೈಕೊಟ್ಟ ಮೇಲೆ ಬಿಡಿಗಳನ್ನೇ ನೆಚ್ಚಿಕೊಳ್ಳಬೇಕು. ಕೆಳಗೆ ಹೇಳುವುದೆಲ್ಲ ಅದರ ಬಗ್ಗೆ. ಮುಖ ಚೆನ್ನಾಗಿ ನೆನಪಿರುವವರಿಗೂ ಇದು ಕೆಲಸಕ್ಕೆ ಬರುತ್ತದೆ, ಮಬ್ಬು ಬೆಳಕಿನಲ್ಲಿ, ಮಾಸ್ಕ್ ಹಾಕಿದಾಗ, ದೂರದಿಂದ ಬೆನ್ನು ಮಾತ್ರ ಕಂಡಾಗ.

ಮೊದಲು ಗುಂಪನ್ನು ನೋಡಿ

ಎದ್ದು ಕಾಣುವುದೇ ಒಳ್ಳೆಯ ಗುರುತು ಎಂದುಕೊಳ್ಳುತ್ತೇವೆ. ಹಾಗಲ್ಲ. ಎತ್ತರದ ಮನುಷ್ಯ ಎಂದು ನೆನಪಿಟ್ಟುಕೊಂಡು ಹೋಗಿ ನೋಡಿದರೆ ಆ ವಿಭಾಗದಲ್ಲಿ ನಾಲ್ಕು ಜನ ಎತ್ತರದವರೇ ಇರುತ್ತಾರೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಗುಂಪಿನಲ್ಲಿ, ಇವರಿಗೆ ಮಾತ್ರ ಇರುವುದು ಏನು? ಎಲ್ಲರೂ ಕನ್ನಡಕದವರೇ ಆಗಿದ್ದರೆ ಕನ್ನಡಕ ಇಲ್ಲದಿರುವುದೇ ಗುರುತು. ಎಲ್ಲರೂ ಜೋರಾಗಿ ಮಾತಾಡುವ ಕಡೆ ಮೆಲ್ಲಗೆ ಮಾತಾಡುವವರು ಒಬ್ಬರಿದ್ದರೆ ಸಾಕು, ಅವರ ವಿಷಯ ಮುಗಿಯಿತು.

ಎರಡನೆಯ ಮಾತು, ಕಂಡದ್ದನ್ನು ಮನಸ್ಸಿನಲ್ಲೇ ಪದಗಳಲ್ಲಿ ಹೇಳಿಕೊಳ್ಳಿ. "ಒಂಥರಾ ನಡೆಯುತ್ತಾರೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಬಲಗೈ ಬೀಸುತ್ತಾರೆ, ಎಡಗೈ ಬೀಸುವುದೇ ಇಲ್ಲ" ಎಂದರೆ ಅದು ನಾಳೆಯೂ ನೆನಪಿರುತ್ತದೆ. ಚಿತ್ರವಾಗಿ ಉಳಿಯದ್ದು ಮಾತಾಗಿಯಾದರೂ ಉಳಿಯಲಿ.

ನಡಿಗೆ, ನಿಲುವು

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಗುರುತು ನಡಿಗೆ. ದೂರದಿಂದಲೇ ಕಾಣುತ್ತದೆ, ಹಿಂದಿನಿಂದಲೂ ಕಾಣುತ್ತದೆ, ನೀವು ನೋಡುತ್ತಿದ್ದೀರಿ ಎಂದು ಅವರಿಗೆ ಗೊತ್ತಾಗುವುದೂ ಇಲ್ಲ. 1977ರಲ್ಲಿ ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಒಬ್ಬರಿಗೊಬ್ಬರು ಗೊತ್ತಿರುವ ಗೆಳೆಯರ ಕೀಲುಗಳಿಗೆ ಬೆಳಕು ಹೊಳೆಯಿಸುವ ಪಟ್ಟಿ ಅಂಟಿಸಿ ನಡೆಸಿದರು, ಚಿತ್ರದಲ್ಲಿ ಕಾಣುತ್ತಿದ್ದುದು ಕತ್ತಲಲ್ಲಿ ಚಲಿಸುವ ಚುಕ್ಕಿಗಳು ಮಾತ್ರ. ಮುಖ ಇಲ್ಲ, ಬಟ್ಟೆ ಇಲ್ಲ, ಕೂದಲಿಲ್ಲ. ಆದರೂ ಸುಮ್ನೆ ಊಹಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಆ ಗೆಳೆಯರು ಒಬ್ಬರನ್ನೊಬ್ಬರು ಗುರುತಿಸಿದರು. ತಪ್ಪುಗಳೂ ಬೇಕಾದಷ್ಟಿದ್ದವು ಅನ್ನಿ, ನಡಿಗೆಯೊಂದನ್ನೇ ನಂಬಿ ಹೆಸರು ಕೂಗಬೇಡಿ ಎನ್ನುವುದಕ್ಕೆ ಅದೂ ಸಾಕ್ಷಿ.

ನಡಿಗೆಯಲ್ಲಿ ಏನು ನೋಡಬೇಕು ಎಂಬುದೇ ಹಲವರಿಗೆ ಹೊಳೆಯುವುದಿಲ್ಲ. ಪಾದಗಳಿಂದ ಶುರು ಮಾಡಿ: ಹೊರಕ್ಕೆ ತಿರುಗಿವೆಯೇ, ನೇರವೇ, ಒಳಕ್ಕೆ ವಾಲಿವೆಯೇ? ಹಿಮ್ಮಡಿ ಊರಿ ನಡೆಯುತ್ತಾರೋ, ತುದಿಗಾಲಲ್ಲಿ ಪುಟಿಯುತ್ತಾರೋ, ಕಾಲೆಳೆಯುತ್ತಾರೋ? ಹೆಜ್ಜೆ ದಾಪುಗಾಲೋ, ಚಿಕ್ಕ ಚಿಕ್ಕದೋ? ಆಮೇಲೆ ಭುಜಕ್ಕೆ ಬನ್ನಿ, ಒಂದು ಭುಜ ಇನ್ನೊಂದಕ್ಕಿಂತ ಕೆಳಗಿರುವುದು ತುಂಬಾ ಜನರಲ್ಲಿ ಕಾಣುತ್ತದೆ, ಒಮ್ಮೆ ಗಮನಿಸಿದರೆ ಮತ್ತೆ ಮರೆಯುವುದಿಲ್ಲ. ತಲೆ ದೇಹಕ್ಕಿಂತ ಮುಂದೆ ಚಾಚಿದೆಯೇ? ನಿಂತಾಗ ಭಾರವನ್ನು ಒಂದೇ ಕಾಲಿನ ಮೇಲೆ ಹಾಕುತ್ತಾರೆಯೇ, ಕೈ ಎಲ್ಲಿಡುತ್ತಾರೆ, ಗೋಡೆ ಸಿಕ್ಕಿದರೆ ಒರಗುತ್ತಾರೆಯೇ? ಮೆಟ್ಟಿಲು ಹತ್ತುವಾಗ ನೋಡುವುದು ಇನ್ನೂ ಸುಲಭ, ಅಲ್ಲಿ ಪ್ರತಿಯೊಬ್ಬರ ರೀತಿಯೂ ಬಿಚ್ಚಿ ಕಾಣುತ್ತದೆ.

ಎಚ್ಚರಿಕೆ ಇಷ್ಟೇ. ಹೊಸ ಚಪ್ಪಲಿ, ಭಾರದ ಚೀಲ, ಮಂಡಿನೋವು, ಅವಸರ, ಇವೆಲ್ಲ ನಡಿಗೆಯನ್ನು ಬದಲಿಸುತ್ತವೆ. ಕುಳಿತವರ ಮಟ್ಟಿಗೆ ನಡಿಗೆ ಉಪಯೋಗಕ್ಕೇ ಬರುವುದಿಲ್ಲ, ಆಗ ದನಿ ಬೇಕು.

ಮುಖ ಗುರುತಿಸಬಲ್ಲವರೂ ಗೊತ್ತಿಲ್ಲದೆ ಹೀಗೆ ಮೈಯನ್ನು ನೋಡಿಯೇ ಗುರುತು ಹಿಡಿಯುವುದುಂಟು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಖದಿಂದ ಗುರುತು ಸಿಗದಂತಹ ಫೋಟೊಗಳನ್ನು ಕೊಟ್ಟಾಗ ಜನ ಮೈಕಟ್ಟನ್ನು ನೋಡಿಯೇ ಸರಿಯಾಗಿ ಹೇಳಿದರು, ಆದರೆ ಕೇಳಿದರೆ ಮುಖ ನೋಡಿ ಹೇಳಿದೆವು ಎಂದೇ ಅವರ ನಂಬಿಕೆ. ಕಣ್ಣು ಎತ್ತ ಹರಿಯುತ್ತಿದೆ ಎಂದು ಯಂತ್ರದಿಂದ ಅಳೆದಾಗ ನಿಜ ಹೊರಬಿತ್ತು.

ದನಿ

ದನಿಯ ತೊಂದರೆ ಎಂದರೆ ಅವರು ಬಾಯಿ ಬಿಡಬೇಕು. "ಹಲೋ" ಎಂಬ ಒಂದು ಪದ ಸಾಲದು, ಎರಡು ಮೂರು ವಾಕ್ಯವಾದರೂ ಬೇಕು. ಹಾಗಾಗಿ ಮಾತಾಡಿಸುವ ಪ್ರಶ್ನೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ: "ಮತ್ತೆ, ಈಗ ಏನು ನಡೆಯುತ್ತಿದೆ?", "ಆ ಕೆಲಸ ಎಲ್ಲಿಗೆ ಬಂತು?" ಎಲ್ಲರ ಬಳಿಯೂ ಯಾವುದೋ ಒಂದು "ಆ ಕೆಲಸ" ಇದ್ದೇ ಇರುತ್ತದೆ, ಅವರೇ ಹೇಳುತ್ತಾ ಹೋಗುತ್ತಾರೆ, ಅದರಲ್ಲೇ ಯಾರು ಎಂಬುದೂ ಹೊರಬರುತ್ತದೆ. "ಮಕ್ಕಳು ಹೇಗಿದ್ದಾರೆ?" ಎಂದು ಮಾತ್ರ ಕೇಳಬೇಡಿ. ಮಕ್ಕಳಿಲ್ಲದವರಾಗಿದ್ದರೆ ಮುಜುಗರ ನಿಮಗಿಂತ ಅವರಿಗೇ ಜಾಸ್ತಿ.

ದನಿ ದಪ್ಪವೋ ತೆಳುವೋ ಎನ್ನುವುದಕ್ಕಿಂತ ಮಾತಿನ ಓಟವನ್ನು ಹಿಡಿಯಿರಿ. ಕೆಲವರು ವಾಕ್ಯದ ಕೊನೆಯನ್ನು ನುಂಗುತ್ತಾರೆ. ಕೆಲವರು ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಮಾತಿನ ಮಧ್ಯೆ "ಅಂದ್ರೆ", "ನೋಡಿ", "ಗೊತ್ತಾಯ್ತಾ" ಎಂದು ಒಂದೇ ಪದವನ್ನು ಪದೇ ಪದೇ ಸೇರಿಸುವವರಂತೂ ನಮ್ಮಂಥವರ ಪಾಲಿನ ದೇವರು. ನಗು, ಕೆಮ್ಮು, ಸೀನು ಕೂಡ ಲೆಕ್ಕಕ್ಕೆ ಬರುತ್ತವೆ, ನೆಗಡಿಯಾದಾಗ ದನಿ ಬದಲಾಗಬಹುದು, ನಗುವ ಲಯ ಅಷ್ಟಾಗಿ ಬದಲಾಗುವುದಿಲ್ಲ. ಫೋನಿನಲ್ಲಿ ಮಾತ್ರ ಜೋಪಾನ. ತಾಯಿ ಮಗಳು, ಅಣ್ಣ ತಮ್ಮ ಫೋನಿನಲ್ಲಿ ಒಬ್ಬರಂತೆಯೇ ಕೇಳುತ್ತಾರೆ. ಇನ್ನು ದನಿಯನ್ನೂ ಗುರುತಿಸಲಾಗದವರು ಇದ್ದಾರೆ, ಅದಕ್ಕೆ ಫೋನಾಗ್ನೋಸಿಯಾ ಎನ್ನುತ್ತಾರೆ. ಮುಖದ ತೊಂದರೆ ಇದ್ದವರಿಗೆಲ್ಲ ಅದೂ ಇರಬೇಕೆಂದಿಲ್ಲ. ಅನೇಕರಿಗೆ ದನಿಯೇ ಆಧಾರ.

ಕಿವಿ, ಹುಬ್ಬು, ಕೈ

ಕಿವಿಯನ್ನು ಯಾರೂ ನೋಡುವುದಿಲ್ಲ, ಅದೇ ಅದರ ಅನುಕೂಲ. ಪಕ್ಕದಲ್ಲಿ ಕುಳಿತಾಗ ಕಣ್ಣಿಗೆ ಕಣ್ಣು ಕೊಡದೆ ಆರಾಮಾಗಿ ಗಮನಿಸಬಹುದು: ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಮೇಲ್ತುದಿ ದುಂಡೋ ಚೂಪೋ, ತಲೆಗೆ ಒತ್ತಿಕೊಂಡಿದೆಯೋ ಹೊರಚಾಚಿದೆಯೋ. 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸರಿಗಾಗಿ ಅಪರಾಧಿಗಳನ್ನು ಅಳೆದು ದಾಖಲಿಸುವ ಪದ್ಧತಿ ರೂಪಿಸಿದ ಅಲ್ಫೋನ್ಸ್ ಬೆರ್ಟಿಯೋನ್ ಕಿವಿಗೆ ತುಂಬಾ ಬೆಲೆ ಕೊಟ್ಟಿದ್ದರು. ಗಡ್ಡ ಬಿಟ್ಟರೂ ತೆಗೆದರೂ ಕಿವಿಯ ಆಕಾರ ಹಾಗೇ ಇರುತ್ತದಲ್ಲ. ಕೂದಲು ಮುಚ್ಚಿದರೆ ಮಾತ್ರ ಏನೂ ಮಾಡಲಾಗದು.

ಮುಖದಲ್ಲೇ ಒಂದು ಬಿಡಿಭಾಗ ಆರಿಸಬೇಕೆಂದರೆ ಹುಬ್ಬನ್ನು ಆರಿಸಿ. ಪ್ರಸಿದ್ಧರ ಫೋಟೊಗಳಲ್ಲಿ ಕಣ್ಣು ಅಳಿಸಿದಾಗ ಆದದ್ದಕ್ಕಿಂತ ಹುಬ್ಬು ಅಳಿಸಿದಾಗ ಗುರುತಿಸುವುದು ಜನರಿಗೆ ಇನ್ನೂ ಕಷ್ಟವಾಯಿತು ಎಂದು 2003ರ ಒಂದು ಅಧ್ಯಯನ ತೋರಿಸಿತು. ಮಚ್ಚೆ, ಗಾಯದ ಕಲೆ, ಹಲ್ಲುಗಳ ನಡುವಿನ ಸಂದು ಇದ್ದರೆ ಸರಿ, ಇವೆಲ್ಲ ಹತ್ತಿರ ಬಂದಾಗ ಖಚಿತಪಡಿಸಿಕೊಳ್ಳಲು. ಕೈಗಳನ್ನೂ ಮರೆಯಬೇಡಿ, ಎಡಚರೇ, ಬೆರಳು ಉದ್ದವೇ, ಉಗುರು ಕಚ್ಚುತ್ತಾರೆಯೇ, ಮಾತಾಡುವಾಗ ಕೈಯಾಡಿಸುತ್ತಾರೆಯೇ? ಅಂದಹಾಗೆ ಇಂಥ ಚಾಳಿಗಳು ಅವರಿಗೇ ಗೊತ್ತಿರುವುದಿಲ್ಲ, ಆದ್ದರಿಂದ ಬೇಕೆಂದೇ ಬದಲಿಸುವುದೂ ಇಲ್ಲ.

ಕೂದಲು, ಬಟ್ಟೆ

ಇವು ಆ ದಿನದ ಮಟ್ಟಿಗೆ ಮಾತ್ರ. ಆದರೆ ಆ ಒಂದು ದಿನಕ್ಕೆ ಇವಕ್ಕಿಂತ ಚೆನ್ನಾದದ್ದು ಬೇರೆ ಇಲ್ಲ. ಜೊತೆಯವರೊಂದಿಗೆ ಜನಜಂಗುಳಿಯ ಕಡೆ ಹೊರಟಾಗ, ಮನೆ ಬಿಡುವ ಮೊದಲೇ ಅವರ ಮೇಲಂಗಿಯ ಬಣ್ಣ, ಚೀಲ, ಪಾದರಕ್ಷೆ ನೋಡಿಟ್ಟುಕೊಳ್ಳಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮಕ್ಕಳನ್ನು ಆಟದ ಮೈದಾನಕ್ಕೆ ಕರೆದುಕೊಂಡು ಹೋಗುವಾಗ ಬೇರೆ ಯಾರೂ ಹಾಕದಂತಹ ಬಣ್ಣದ ಟೋಪಿ ಹಾಕಿ. ನಾಳೆಗೆ ಇದೆಲ್ಲ ಹಳತು. ಒಬ್ಬರನ್ನು ಬರೀ ಕೂದಲಿನಿಂದ ಗುರುತಿಟ್ಟುಕೊಂಡರೆ ಅವರು ಕ್ಷೌರ ಮಾಡಿಸಿಕೊಂಡ ದಿನ ನಿಮ್ಮ ಪಾಲಿಗೆ ಕಣ್ಮರೆಯಾದ ಹಾಗೆಯೇ. ಎಲ್ಲರಿಗೂ ಒಂದೇ ಸಮವಸ್ತ್ರ ಇರುವ ಕಡೆಯಂತೂ ಬಟ್ಟೆಯ ಆಸೆ ಬಿಟ್ಟು ವಾಚು, ಬೂಟು, ಪೆನ್ನು ಸಿಕ್ಕಿಸುವ ಜಾಗ ಇಂಥದ್ದನ್ನು ನೋಡಬೇಕು.

ಜಾಗದ ಮೋಸ

ಮೂಲೆಯ ಮೇಜಿನಲ್ಲಿ ಕೂರುವವರು, ಮೂರನೇ ಮಹಡಿಯವರು, ಕೌಂಟರಿನ ಆಚೆ ಇರುವವರು. ನಾವು ಎಷ್ಟೋ ಜನರನ್ನು ಹೀಗೆ ಜಾಗದಿಂದಲೇ ಗುರುತಿಸುತ್ತಿರುತ್ತೇವೆ, ಮುಖ ಗೊತ್ತಿದೆ ಎಂದೇ ಅಂದುಕೊಂಡಿರುತ್ತೇವೆ. ಅದೇ ವ್ಯಕ್ತಿ ಬಸ್ಸಿನಲ್ಲಿ ಸಿಕ್ಕಾಗ ಬಣ್ಣ ಬಯಲಾಗುತ್ತದೆ. ದಿನವೂ ನೋಡುವ ಪ್ರತಿಯೊಬ್ಬರಿಗೂ ಜಾಗ ಬಿಟ್ಟು ಇನ್ನೊಂದು ಗುರುತು ಕಟ್ಟಿಟ್ಟುಕೊಳ್ಳಿ, ನಡಿಗೆಯೋ ದನಿಯೋ ಕಿವಿಯೋ, ಯಾವುದಾದರೂ ಸರಿ. ಭೇಟಿ ಮುಗಿದ ತಕ್ಷಣ ಫೋನಿನಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು. ಬರೆಯುವಾಗ ಒಂದು ಮಿತಿ ಇರಲಿ, ಅವರೇ ಆ ಸಾಲನ್ನು ಓದಿದರೂ ಬೇಸರವಾಗಬಾರದು. "ಡೊಳ್ಳುಹೊಟ್ಟೆ" ಎಂದು ಬರೆಯುವ ಬದಲು "ಬೆಲ್ಟಿನ ಮೇಲೆ ಹೆಬ್ಬೆರಳು ಸಿಕ್ಕಿಸಿ ನಿಲ್ಲುತ್ತಾರೆ" ಎಂದು ಬರೆಯಿರಿ, ಗುರುತಿಗೂ ಇದೇ ಒಳ್ಳೆಯದು.

ಹೆಸರು ಕರೆಯುವ ಮುಂಚೆ

ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುರುತು ಸೇರಬೇಕು. ಅಂಗಿ ಮತ್ತು ಪ್ಯಾಂಟು ಎರಡಲ್ಲ, ಅದು ಒಂದೇ. ನಡಿಗೆ ಮತ್ತು ದನಿ ಸೇರಿದರೆ ಎರಡು. ಒಂದೇ ಸಿಕ್ಕಿದ್ದರೆ ನಗು, ನಮಸ್ಕಾರ ಸಾಕು, ಹೆಸರು ಬೇಡ. ಆದರೆ ತಪ್ಪಿದರೆ ನಷ್ಟ ದೊಡ್ಡದು ಎನ್ನುವ ಕಡೆ, ದುಡ್ಡು ಕೊಡುವಾಗ, ಮಗುವನ್ನು ಯಾರ ಜೊತೆಗಾದರೂ ಕಳಿಸುವಾಗ, ಇನ್ನೊಬ್ಬರ ಗುಟ್ಟಿನ ಮಾತು ಆಡುವಾಗ, ಈ ಜಾಣತನವೆಲ್ಲ ಬಿಟ್ಟು ಹೆಸರು ಕೇಳಿ. ಪರಿಚಯವಿದೆ ಎಂಬಂತೆ ನಟಿಸಿ ವಂಚಿಸುವವರಿಗೆ ನಮ್ಮಂಥವರು ಸುಲಭದ ತುತ್ತು.

"ನಾನು ಯಾರು ಹೇಳಿ ನೋಡೋಣ" ಎಂದು ಸತಾಯಿಸುವವರಿಗೆ ನನ್ನ ಉತ್ತರ ಒಂದೇ: "ನನಗೆ ಮುಖ ನೆನಪಿರುವುದಿಲ್ಲ, ನೀವೇ ಹೇಳಿಬಿಡಿ." ಆಟ ಅಲ್ಲಿಗೆ ನಿಲ್ಲುತ್ತದೆ. ಹತ್ತಿರದವರಿಗೆ, ಜೊತೆ ಕೆಲಸ ಮಾಡುವವರಿಗೆ ಮೊದಲೇ ಹೇಳಿಡುವುದು ಇನ್ನೂ ಲೇಸು. ಇಲ್ಲದಿದ್ದರೆ ಕಂಡೂ ಕಾಣದ ಹಾಗೆ ಹೋದರು, ಜಂಬ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಹೇಳುವಾಗ ರೋಗದ ಹೆಸರು, ವಿವರಣೆ ಬೇಡ, ಏನು ಮಾಡಬೇಕೆಂದು ಹೇಳಿ: "ಹೊರಗೆ ಸಿಕ್ಕಾಗ ನೀವೇ ಹೆಸರು ಹೇಳಿ ಮಾತಾಡಿಸಿ."

ಇದೆಲ್ಲ ಮೊದಲಿನಿಂದ ಹೀಗೇ ಇರುವವರ ಮಾತು. ನಿನ್ನೆಯವರೆಗೆ ಚೆನ್ನಾಗಿ ಗುರುತಿಸುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಮನೆಯವರ ಮುಖವೇ ಗೊತ್ತಾಗದಿದ್ದರೆ ಗುರುತು ಹುಡುಕುತ್ತಾ ಕೂರಬೇಡಿ, ಪಾರ್ಶ್ವವಾಯುವಿನಂತಹ ಕಾರಣ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಸಣ್ಣ ಉಪಾಯ. ಹೊರಗೆ ಎಲ್ಲಾದರೂ ಯಾರನ್ನಾದರೂ ಭೇಟಿಯಾಗುವುದಿದ್ದರೆ ಹತ್ತು ನಿಮಿಷ ಮೊದಲೇ ಹೋಗಿ, ಬಾಗಿಲಿಗೆ ಎದುರಾಗಿ ಕುಳಿತು, ಎಲ್ಲಿ ಕುಳಿತಿದ್ದೀರಿ, ಯಾವ ಬಣ್ಣದ ಬಟ್ಟೆ ಹಾಕಿದ್ದೀರಿ ಎಂದು ಮೆಸೇಜ್ ಕಳಿಸಿಬಿಡಿ. ಹುಡುಕುವ ಕೆಲಸ ಅವರದಾಗುತ್ತದೆ.