ಸಭೆ ಶುರುವಾಗುವಾಗ, ದೇವರನ್ನು ನಂಬದವರು ಏನು ಮಾಡಬೇಕು

ನಮ್ಮ ಪುಣೆ, ಪಿಂಪ್ರಿ ಕಡೆ ರಸ್ತೆಗೆ ಡಾಂಬರು ಹಾಕಲು ಭೂಮಿಪೂಜೆ ಆಗುತ್ತದೆ, ನೀರಿನ ಟಾಕಿಗೂ ಆಗುತ್ತದೆ. ಸುತ್ತಲಿನ ಹಳ್ಳಿಗಳ ಎಷ್ಟೋ ಸಭೆಗಳಲ್ಲಿ ಮೊದಲು ದೀಪ, ಹೂವಿನ ಹಾರ, ಆರತಿ, ಆಮೇಲೆ ವಿಷಯ. ನಂಬುವವರಿಗೆ ಅದು ಸಹಜ. ನಂಬದವರಿಗೆ ಆ ಎರಡು ನಿಮಿಷ ಕೈ ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ. ನಿಗಡಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೊಸದಾಗಿ ಬಂದ ಕನ್ನಡದ ಹುಡುಗರು, ಹುಡುಗಿಯರು ಈ ವಿಷಯ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಭೆ ಯಾರದ್ದು ಅಂತ ನೋಡಿ. ಕನ್ನಡ ಸಂಘದ ಕಾರ್ಯಕ್ರಮ, ಸೊಸೈಟಿಯ ಗಣಪತಿ, ನೆರೆಯವರ ಮನೆ ಪ್ರವೇಶ, ಇವೆಲ್ಲ ಅವರವರದ್ದು. ಅಲ್ಲಿ ಸುಮ್ನೆ ಕುಳಿತಿರಿ, ಪ್ರಸಾದ ಕೊಟ್ಟರೆ ತಿನ್ನಬೇಕೆನಿಸಿದರೆ ತಿನ್ನಿ. ನಾನಂತೂ ತಿನ್ನುತ್ತೇನೆ. ಗ್ರಾಮಸಭೆ, ಪಾಲಿಕೆಯ ಕಾಮಗಾರಿ, ಸರ್ಕಾರಿ ಶಾಲೆಯ ಸಭೆ ಹಾಗಲ್ಲ. ಅವು ಎಲ್ಲರ ತೆರಿಗೆಯಿಂದ ನಡೆಯುತ್ತವೆ. ಅಲ್ಲಿ ಮುಸ್ಲಿಮರಿದ್ದಾರೆ, ಬೌದ್ಧರಿದ್ದಾರೆ, ಕ್ರೈಸ್ತರಿದ್ದಾರೆ, ನಾವೂ ಇದ್ದೇವೆ. ಅಲ್ಲಿ ಮಾತ್ರ ಬಾಯಿ ತೆರೆಯಬೇಕು.

ಕೋರ್ಟಿಗೆ ಹೋಗೋಣ ಅಂತ ಕೆಲವರು ಹೊರಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಗುಜರಾತ್ ಹೈಕೋರ್ಟಿನ ಹೊಸ ಕಟ್ಟಡಕ್ಕೆ ಭೂಮಿಪೂಜೆ ಮಾಡಿದ್ದನ್ನು ಒಬ್ಬರು ಪ್ರಶ್ನಿಸಿದ್ದರು. 2011ರಲ್ಲಿ ಅದೇ ಹೈಕೋರ್ಟು ಅರ್ಜಿ ವಜಾ ಮಾಡಿ, ಅವರಿಗೆ 20,000 ರೂಪಾಯಿ ದಂಡವನ್ನೂ ಹಾಕಿತು. ಹಾಗಂತ ನಿಮ್ಮ ಕೈ ಹಿಡಿದು ಯಾರೂ ಮುಗಿಸುವಂತಿಲ್ಲ. ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಶಾಲೆಯ ಪ್ರಾರ್ಥನೆಯಲ್ಲಿ ಕೈ ಮುಗಿಯಲು ಒಪ್ಪದ ನಾಸಿಕದ ಒಬ್ಬ ಶಿಕ್ಷಕರ ಪರವಾಗಿ 2013ರಲ್ಲಿ ಬಾಂಬೆ ಹೈಕೋರ್ಟು ತೀರ್ಪು ಕೊಟ್ಟಿತು. ಅದಕ್ಕೂ ಮೊದಲು, 1986ರಲ್ಲಿ, ಕೇರಳದ ಮೂವರು ಮಕ್ಕಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತಿದ್ದರು, ಆದರೆ ಅವರ ಧರ್ಮದ ಕಾರಣಕ್ಕೆ ಹಾಡಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪು ಅಂತ ಕೋರ್ಟು ಹೇಳಿತು. ಹಾಗಾಗಿ ಆರತಿ ನಡೆಯುವಾಗ ಎಲ್ಲರೂ ಎದ್ದರೆ ನೀವೂ ಏಳಿ, ಕೈ ಇಳಿಬಿಟ್ಟು ಸುಮ್ಮನೆ ನಿಲ್ಲಿ. ಮೊಬೈಲ್ ನೋಡಬೇಡಿ, ಪಕ್ಕದವರ ಜೊತೆ ಮಾತಾಡಬೇಡಿ. ಯಾರಾದರೂ ಯಾಕೆ ಕೈ ಮುಗಿಯಲಿಲ್ಲ ಅಂತ ಕೇಳಿದರೆ "ನನಗೆ ನಂಬಿಕೆ ಇಲ್ಲ, ನಿಮ್ಮ ನಂಬಿಕೆಗೆ ಗೌರವ ಇದೆ" ಅಂದರೆ ಸಾಕು. ಜಾಸ್ತಿ ಮಾತು ಬೇಡ.

ನನಗೆ ಈ ವಿಷಯ ಯಾಕೆ ಇಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. ನಮ್ಮ ಗಲ್ಲಿಯ ಒಳಚರಂಡಿಗಾಗಿ ಅರ್ಜಿ ಬರೆದವಳು ನಾನು, ಮನೆ ಮನೆಗೆ ಹೋಗಿ ಸಹಿ ಕೂಡಿಸಿದವಳೂ ನಾನು. ಕಾಮಗಾರಿಯ ಪೂಜೆಯ ದಿನ ನನ್ನನ್ನೇ ಮುಂದೆ ಕರೆದರು. ಅಷ್ಟರಲ್ಲಿ ಯಾರೋ ಯಾರ ಕಿವಿಯಲ್ಲೋ ಏನೋ ಹೇಳಿದರು. "ಕಾಕೂ, ನೀವು ಸ್ವಲ್ಪ ಆಚೆ ನಿಲ್ಲಿ" ಅಂದರು. ನಮ್ಮ ಯಜಮಾನರು ತೀರಿಕೊಂಡಿದ್ದಾರೆ, ಅದೇ ಕಾರಣ. ಪೂಜೆಗೆ ಗಂಡ ಇರುವವರೇ ಬೇಕು. ಸರ್ಕಾರಿ ಕೆಲಸದೊಳಗೆ ಪೂಜೆ ಬಂದರೆ ಅದರ ಹಿಂದೆಯೇ ಪೂಜೆಯ ನಿಯಮಗಳೂ ಬರುತ್ತವೆ. ಯಾರು ಮುಂದೆ, ಯಾರು ಹಿಂದೆ, ಯಾರು ಮುಟ್ಟಬಹುದು, ಯಾರು ಮುಟ್ಟಬಾರದು. ಇದು ನಾಸ್ತಿಕರ ತಕರಾರು ಮಾತ್ರ ಅಲ್ಲ. ಸರಪಂಚರ (ಪಂಚಾಯ್ತಿ ಅಧ್ಯಕ್ಷರ) ಜೊತೆ ಮಾತಾಡುವಾಗ ದೇವರಿದ್ದಾನೋ ಇಲ್ಲವೋ ಅನ್ನುವ ಚರ್ಚೆಗೆ ಹೋಗಬೇಡಿ. ಈ ಮಾತು ಹೇಳಿ. ಕೊಲ್ಹಾಪುರ ಜಿಲ್ಲೆಯ ಹೇರವಾಡದ ಹೆಸರು ಹೇಳಿ. 2022ರ ಮೇ ತಿಂಗಳಲ್ಲಿ ಆ ಊರಿನ ಪಂಚಾಯ್ತಿ, ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ನಿಲ್ಲಿಸುವ ಠರಾವು ಮಾಡಿತು. ಅದೇ ತಿಂಗಳು ರಾಜ್ಯ ಸರ್ಕಾರ ಇದನ್ನು ಮಾದರಿಯಾಗಿ ತೆಗೆದುಕೊಳ್ಳಿ ಅಂತ ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿಯ ಠರಾವಿಗೆ ಅಷ್ಟು ಬಲ ಇದೆ.

ಈಗ ಅರ್ಜಿ. ಸಭೆಯ ದಿನ ಎದ್ದು ನಿಂತು ಆಕ್ಷೇಪ ಹೇಳಿದರೆ ಕೆಲಸ ಕೆಡುತ್ತದೆ. ಎಲ್ಲರ ಮುಂದೆ ಯಾರೂ ಹಿಂದೆ ಸರಿಯುವುದಿಲ್ಲ. ನೋಟಿಸು ಹೊರಡುವ ಮೊದಲೇ ಗ್ರಾಮಪಂಚಾಯ್ತಿ ಅಧಿಕಾರಿಯ (ಹಿಂದೆ ಗ್ರಾಮಸೇವಕ ಅನ್ನುತ್ತಿದ್ದರು) ಕೈಗೆ ಅರ್ಜಿ ಕೊಟ್ಟು ಪೋಚ್ ಪಾವತಿ, ಅಂದರೆ ಅರ್ಜಿ ತಲುಪಿದ ರಸೀದಿ, ತೆಗೆದುಕೊಳ್ಳಿ. ಮರಾಠಿಯಲ್ಲೇ ಬರೆಯಿರಿ, ಬರದಿದ್ದರೆ ಬರುವವರಿಂದ ಬರೆಸಿ. ಒಬ್ಬರೇ ಸಹಿ ಮಾಡಬೇಡಿ. ನಂಬುವವರ ಸಹಿಯೂ ಎರಡು ಮೂರು ಇದ್ದರೆ ಅರ್ಜಿಗೆ ತೂಕ ಬರುತ್ತದೆ, ಕೇಳಿದರೆ ಕೊಡುವವರು ಇದ್ದೇ ಇರುತ್ತಾರೆ. ಇದು ಬೇಡ ಅಂತ ಮಾತ್ರ ಬರೆಯಬೇಡಿ, ಅದರ ಜಾಗದಲ್ಲಿ ಏನು ಬೇಕು ಅಂತ ಬರೆಯಿರಿ. ಹೀಗೆ:

"ಮುಂದಿನ ಗ್ರಾಮಸಭೆ ಸಂವಿಧಾನದ ಪೀಠಿಕೆಯನ್ನು ಎಲ್ಲರೂ ಸೇರಿ ಓದುವುದರಿಂದ ಶುರುವಾಗಲಿ ಎಂದು ವಿನಂತಿ. ನಮ್ಮ ಊರಿನ ಶಾಲೆಯ ಒಬ್ಬ ವಿದ್ಯಾರ್ಥಿನಿ ಮುಂದೆ ನಿಂತು ಓದಿಸುತ್ತಾಳೆ. ಇದಕ್ಕೆ ಎರಡು ನಿಮಿಷ ಸಾಕು. ಪ್ರತಿಗಳನ್ನು ನಾವು ತರುತ್ತೇವೆ."

ಪ್ರತಿಗಾಗಿ ಹುಡುಕಬೇಕಿಲ್ಲ. ಇಲ್ಲಿನ ರಾಜ್ಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪುಸ್ತಕಗಳ ಮೊದಲ ಪುಟಗಳಲ್ಲೇ ಪೀಠಿಕೆ ಅಚ್ಚಾಗಿರುತ್ತದೆ. 2020ರಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಅದನ್ನು ಓದಿಸಬೇಕು ಅಂತ ಸರ್ಕಾರದ ಆದೇಶವೂ ಆಯಿತು. ಎಷ್ಟೋ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಊರಿನ ಮಗಳು ಓದುವಾಗ ಬೇಡ ಅನ್ನುವವರು ಕಡಿಮೆ.

ಸರಪಂಚರು "ಹೀಗೆಲ್ಲ ಎಲ್ಲಿ ನಡೆಯುತ್ತದೆ" ಅಂದರೆ ನಮ್ಮ ಪಿಂಪ್ರಿ-ಚಿಂಚವಡದ ಮಾತೇ ಇದೆ. 2024ರ ಮಾರ್ಚಿನಲ್ಲಿ ಇಲ್ಲಿನ ಹೊಸ ಕೋರ್ಟು ಕಟ್ಟಡದ ಭೂಮಿಪೂಜೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಭಯ್ ಓಕ ಬಂದಿದ್ದರು. ಕೋರ್ಟಿನ ಕಾರ್ಯಕ್ರಮಗಳಲ್ಲಿ ಪೂಜೆ ನಿಲ್ಲಿಸಬೇಕು, ಪೀಠಿಕೆಯ ಮುಂದೆ ತಲೆಬಾಗಿ ಶುರು ಮಾಡಬೇಕು ಅಂತ ಆ ವೇದಿಕೆಯಲ್ಲೇ ಹೇಳಿದರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ ತಾವು ಇಂಥ ಕಾರ್ಯಕ್ರಮಗಳನ್ನು ಪೂರ್ತಿ ನಿಲ್ಲಿಸಲು ಆಗಲಿಲ್ಲ, ಕಡಿಮೆ ಮಾಡಲು ಆಯಿತು ಅಂತಲೂ ಹೇಳಿದರು. ಅವರ ಕೈಯಲ್ಲೇ ಪೂರ್ತಿ ಆಗದ ಕೆಲಸ ನಮ್ಮಿಂದ ಒಂದೇ ಸಭೆಯಲ್ಲಿ ಆಗಲಿ ಅಂತ ಕಾಯಬೇಡಿ. ದೀಪದ ಜೊತೆಗೆ ಪೀಠಿಕೆಯೂ ಇರಲಿ ಅಂದರೆ ಒಪ್ಪಿಕೊಳ್ಳಿ. ಅದು ಸೋಲಲ್ಲ.

ಒಬ್ಬರೇ ಹೋಗಬೇಡಿ. ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ, ಓಂಕಾರೇಶ್ವರದ ಹತ್ತಿರದ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ ಧಾರವಾಡದಲ್ಲಿ ವಿದ್ವಾಂಸ ಕಲಬುರ್ಗಿಯವರನ್ನೂ ಹಾಗೇ ಕೊಂದರು. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಊರಿನವರ ಜೊತೆ ಸೇರಿ ಮಾಡುವ ಕೆಲಸಕ್ಕೆ ರಕ್ಷಣೆ ಜಾಸ್ತಿ. ದೇವರಲ್ಲಿ ನಂಬಿಕೆ ಇಟ್ಟವರ ವಿರುದ್ಧ ನಮ್ಮ ಜಗಳ ಇಲ್ಲ ಅಂತ ದಾಭೋಲ್ಕರ್ ಉದ್ದಕ್ಕೂ ಹೇಳುತ್ತಿದ್ದರು. ನೀವೂ ಅದನ್ನು ಮೊದಲೇ ಹೇಳಿ.

ಅಮೆರಿಕದಲ್ಲಿರುವ ನಮ್ಮ ಮಕ್ಕಳ ವಿಷಯ ಬೇರೆ. ಅಲ್ಲಿ ಊರ ಸಭೆಗಳಲ್ಲಿ ಒಬ್ಬರು ಮುಂದೆ ಬಂದು ಪ್ರಾರ್ಥನೆ ಹೇಳುವ ಪದ್ಧತಿ ಇದೆ. ನನ್ನ ತಂಗಿಯ ಮಗಳು "ದೊಡ್ಡಮ್ಮಾ, ನಾನೂ ಆ ಅವಕಾಶ ಕೇಳಬಹುದಾ" ಅಂದಳು. ಕೇಳಬಹುದು. ನ್ಯೂಯಾರ್ಕ್ ರಾಜ್ಯದ ಗ್ರೀಸ್ ಅನ್ನುವ ಊರಿನ ಮೊಕದ್ದಮೆಯಲ್ಲಿ ಇಬ್ಬರು ಹೆಂಗಸರು ವಾದಿಗಳು, ಒಬ್ಬರು ಯಹೂದಿ, ಒಬ್ಬರು ನಾಸ್ತಿಕರು. 2014ರ ಮೇನಲ್ಲಿ ಅವರು 5-4ರಲ್ಲಿ ಸೋತರು. ಪ್ರಾರ್ಥನೆ ಇರಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ಆ ಊರು ತನ್ನ ನೀತಿ ಯಾರನ್ನೂ ಬಿಡುವುದಿಲ್ಲ ಅಂತ ವಾದಿಸಿತ್ತು. ಅದೇ ಬಾಗಿಲಿನಿಂದ ಜುಲೈನಲ್ಲಿ ಡ್ಯಾನ್ ಕೋರ್ಟ್ನಿ ಅನ್ನುವ ನಾಸ್ತಿಕರು ಅಲ್ಲೇ ನಿಂತು ದೇವರಿಲ್ಲದ ಆರಂಭದ ಮಾತು ಹೇಳಿದರು. ಫ್ಲಾರಿಡಾದ ಬ್ರೆವರ್ಡ್ ಕೌಂಟಿ ನಂಬದವರನ್ನು ಹೊರಗಿಟ್ಟಾಗ 2019ರಲ್ಲಿ ಮೇಲ್ಮನವಿ ಕೋರ್ಟು ಅದು ತಪ್ಪು ಅಂದಿತು. ಕೆನಡಾದಲ್ಲಿ ಇರುವವರಿಗೆ ಇದರ ಅಗತ್ಯವೇ ಇಲ್ಲ. ಕ್ವಿಬೆಕ್‌ನ ಸಾಗೆನೆ ಊರಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಸಭೆಯ ಪ್ರಾರ್ಥನೆಯನ್ನೇ ನಿಲ್ಲಿಸಿತು.

ಮೈಕು ಸಿಕ್ಕರೆ, ಇಲ್ಲಾಗಲಿ ಅಲ್ಲಾಗಲಿ, ಒಂದು ನಿಮಿಷ ದಾಟಬೇಡಿ. ಯಾರ ದೇವರನ್ನೂ ತೆಗಳಬೇಡಿ. ಊರಿನ ಹೆಸರು, ಆ ದಿನದ ವಿಷಯ ಮಾತಿನಲ್ಲಿ ಬರಲಿ. ನಾನು ತಂಗಿಯ ಮಗಳಿಗೆ ಬರೆದುಕೊಟ್ಟಿದ್ದು ಇಷ್ಟು: "ಇವತ್ತು ನಾವು ನೀರಿನ ವಿಷಯ ತೀರ್ಮಾನ ಮಾಡುತ್ತೇವೆ. ಇಲ್ಲಿ ಇಲ್ಲದವರ ಮನೆಯ ನಲ್ಲಿಗೂ ಈ ತೀರ್ಮಾನ ತಲುಪುತ್ತದೆ. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕೇಳೋಣ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋಣ. ನಿನ್ನೆಯ ಸಿಟ್ಟನ್ನು ಹೊರಗಿಟ್ಟು ಶುರು ಮಾಡೋಣ." ದೇವರ ಹೆಸರಿಲ್ಲ, ಆದರೆ ದೇವರನ್ನು ನಂಬುವವರೂ ತಲೆಯಾಡಿಸಬಹುದು.

ನೀವೇ ಶಾಸಕರಾಗಿ ಗೆದ್ದರೆ, ಅಥವಾ ಸಾಕ್ಷಿ ಹೇಳಲು ಕೋರ್ಟಿಗೆ ಹೋದರೆ ಪ್ರಮಾಣದ ಪ್ರಶ್ನೆ ಬರುತ್ತದೆ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಶಾಸಕರು, ಮಂತ್ರಿಗಳಿಗೆ ಎರಡೂ ಬಗೆ ಇವೆ, ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ಬರೀ ದೃಢೀಕರಣ. ಸಾಕ್ಷಿಗಳಿಗೆ 1969ರ ಪ್ರಮಾಣಗಳ ಕಾಯ್ದೆ ಅದನ್ನೇ ಕೊಡುತ್ತದೆ. ಗುಮಾಸ್ತರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಅಭ್ಯಾಸದಂತೆ ದೇವರ ಹೆಸರಿನದ್ದೇ ಓದಿಸುತ್ತಾರೆ.

ಸಭೆ ಮುಗಿದ ಮೇಲೆ ಮನೆಗೆ ಓಡಬೇಡಿ. ಪೀಠಿಕೆ ಓದಿದ್ದು ಇತಿವೃತ್ತದ (ಸಭೆಯ ನಡಾವಳಿಯ) ಪುಸ್ತಕದಲ್ಲಿ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಅಲ್ಲೇ ಬರೆಸಿ. ಸರಪಂಚರು ಬದಲಾದರೂ ಆ ಪುಟ ತೋರಿಸಿ ಮುಂದಿನ ಸಲ ಕೇಳಬಹುದು. ಓದಿದ ಹುಡುಗಿಯ ಹೆಸರನ್ನೂ ಬರೆಸಿ.