ಠಾಣೆಯಲ್ಲಿ ಏಟು ಬಿದ್ದರೆ ಮೊದಲ ಎರಡು ದಿನ ಏನು ಮಾಡಬೇಕು

ನಾನು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಪೊಲೀಸರು ಹೊಡೆದರು ಅಂತ ನನ್ನ ಹತ್ತಿರ ಬರುವವರು ಹೆಚ್ಚಾಗಿ ವಾರವೋ ಹತ್ತು ದಿನವೋ ಕಳೆದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಬಾವು ಇಳಿದಿರುತ್ತದೆ. ಕಂದಿದ ಜಾಗ ಹಳದಿಯಾಗಿರುತ್ತದೆ. ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಪೊಲೀಸರನ್ನು ಹೊಣೆ ಮಾಡುವ ಕಾನೂನು ನಮ್ಮಲ್ಲಿ ಸಾಕಷ್ಟಿದೆ. ಆದರೂ ಕೇಸು ನಿಲ್ಲುವುದಿಲ್ಲ, ಯಾಕೆಂದರೆ ಮೊದಲ ಎರಡು ದಿನದಲ್ಲಿ ಯಾರೂ ಏನನ್ನೂ ಬರೆಸಿಟ್ಟುಕೊಂಡಿರುವುದಿಲ್ಲ. ಅದಕ್ಕೇ ಇಲ್ಲಿ ಆ ಎರಡು ದಿನಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಕರೆದುಕೊಂಡು ಹೋದ ಕೂಡಲೇ

ಮನೆಯವರು ಮೊದಲು ಮಾಡಬೇಕಾದ್ದು ಗಂಟೆ ಬರೆದುಕೊಳ್ಳುವುದು. ಎಷ್ಟು ಹೊತ್ತಿಗೆ ಬಂದರು, ಯಾವ ಗಾಡಿ, ನಂಬರ್ ಏನು, ಯೂನಿಫಾರ್ಮ್ ಮೇಲೆ ಯಾವ ಹೆಸರಿತ್ತು, ಮಫ್ತಿಯಲ್ಲಿ ಎಷ್ಟು ಜನ ಇದ್ದರು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ: ಬಂಧಿಸುವವರ ಎದೆಯ ಮೇಲೆ ಹೆಸರು ಕಾಣಬೇಕು, ಬಂಧನದ ಮೆಮೊ (ಬಂಧಿಸಿದ ದಿನ, ಗಂಟೆ ನಮೂದಿಸಿದ ಕಾಗದ) ಬರೆಯಬೇಕು, ಅದಕ್ಕೆ ಮನೆಯವರೊಬ್ಬರೋ ಊರಿನವರೊಬ್ಬರೋ ಸಾಕ್ಷಿಯಾಗಿ ಸಹಿ ಹಾಕಬೇಕು. ಮೆಮೊ ಕೇಳಿ. ಕೊಡದಿದ್ದರೆ ಕೇಳಿದ್ದನ್ನೂ ಬರೆದಿಟ್ಟುಕೊಳ್ಳಿ.

ಹೊಡೆತ ಬೀಳುವುದು ಹೆಚ್ಚಾಗಿ ಮೆಮೊ ಇಲ್ಲದ ಹೊತ್ತಿನಲ್ಲೇ. "ಸುಮ್ನೆ ವಿಚಾರಣೆಗೆ, ಸಂಜೆ ಬಿಡ್ತೀವಿ" ಅಂತ ಕರೆದೊಯ್ಯುತ್ತಾರೆ. ಯಾವ ಪುಸ್ತಕದಲ್ಲೂ ಹೆಸರು ಏರುವುದಿಲ್ಲ. ಹಾಗಿದ್ದಾಗ ದಾಖಲೆಯನ್ನು ನೀವೇ ಹುಟ್ಟಿಸಬೇಕು. 112ಕ್ಕೆ ಫೋನ್ ಮಾಡಿ, ಇಂಥವರನ್ನು ಇಂಥ ಠಾಣೆಗೆ ಕರೆದೊಯ್ದಿದ್ದಾರೆ, ಬಂಧನದ ಕಾಗದ ಕೊಟ್ಟಿಲ್ಲ ಎಂದು ಹೇಳಿ. ಅದೇ ಮಾತನ್ನು ಜಿಲ್ಲಾ ಎಸ್‌ಪಿಗೆ ಇಮೇಲ್ ಮಾಡಿ. ಉತ್ತರ ಬರಬೇಕೆಂದೇನಿಲ್ಲ. ಮುಂದೆ "ಆ ದಿನ ಅವನು ಠಾಣೆಗೇ ಬಂದಿರಲಿಲ್ಲ" ಎಂದು ಯಾರಾದರೂ ಹೇಳಿದರೆ ಆ ಇಮೇಲಿನ ದಿನ, ಗಂಟೆ ನಿಮ್ಮ ಪರ ನಿಲ್ಲುತ್ತದೆ.

ಇನ್ನೊಂದೆರಡು ವಿಷಯ ತಿಳಿದಿರಲಿ. ಸಾಕ್ಷಿಯಾಗಿ ವಿಚಾರಿಸುವುದಾದರೆ ಹೆಂಗಸರನ್ನು, 15 ವರ್ಷದೊಳಗಿನವರನ್ನು, 60 ದಾಟಿದವರನ್ನು ಠಾಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಅವರ ಮನೆಗೇ ಬರಬೇಕು. ತನಿಖೆಯಲ್ಲಿ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ. ವಿಚಾರಣೆಯ ನಡುವೆ ವಕೀಲರನ್ನು ನೋಡುವ ಹಕ್ಕು ಬಂಧಿತರಿಗಿದೆ. ವಕೀಲರು ಗೊತ್ತಿಲ್ಲವಾದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪೊಲೀಸ್ ವಶದಲ್ಲಿರುವವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು.

ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಗಡುವು ಮೀರಿದರೂ ಆಳು ಎಲ್ಲಿದ್ದಾನೆಂದೇ ತಿಳಿಯದಿದ್ದರೆ ಬೆಂಗಳೂರು, ಧಾರವಾಡ, ಕಲಬುರಗಿ, ಯಾವುದು ನಿಮ್ಮ ಜಿಲ್ಲೆಗೆ ಸೇರುತ್ತದೋ ಆ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಆಳನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೋರುವ ಅರ್ಜಿ ಹಾಕಿಸಿ.

ಡಾಕ್ಟರ ಮುಂದೆ

ಬಿಟ್ಟು ಕಳಿಸಿದರೆ ಮನೆಗೆ ಹೋಗಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸ್ನಾನ ಆಮೇಲೆ. ತೊಟ್ಟ ಬಟ್ಟೆ ಒಗೆಯಬೇಡಿ, ಕಾಗದದ ಕವರಿನಲ್ಲಿ ಎತ್ತಿಡಿ.

ಅಲ್ಲಿ "ಎಂಎಲ್‌ಸಿ ಮಾಡಿ" ಎಂದು ಕೇಳಿ. ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸ್, ಕಾನೂನಿನ ಕೆಲಸಕ್ಕೆ ಬರುವ ಗಾಯದ ದಾಖಲೆ. "ಪೊಲೀಸ್ ಲೆಟರ್ ತನ್ನಿ" ಎಂದು ವಾಪಸ್ ಕಳಿಸುವುದುಂಟು. ಆ ಪತ್ರ ಬೇಕಾಗಿಲ್ಲ. ಗಾಯ ನೋಡಿ ಎಂಎಲ್‌ಸಿ ಎಂದು ದಾಖಲಿಸುವುದು ಡಾಕ್ಟರ ಅಧಿಕಾರ. ಇಲ್ಲೇ ಎಷ್ಟೋ ಕೇಸು ಸಾಯುತ್ತದೆ, ಅದೂ ಒಂದೇ ಸಾಲಿನಿಂದ. ಗಾಯ ಹೇಗಾಯಿತು ಎಂದು ಡಾಕ್ಟರ್ ಕೇಳುತ್ತಾರೆ. ಹೆದರಿದ ಅಪ್ಪನೋ ಅಣ್ಣನೋ "ಬೈಕಿನಿಂದ ಬಿದ್ದ ಸಾರ್" ಅಂದುಬಿಡುತ್ತಾರೆ. ಡಾಕ್ಟರ್ ಹಾಗೇ ಬರೆಯುತ್ತಾರೆ. ನಾಲ್ಕು ವರ್ಷದ ನಂತರ ಪಾಟೀಸವಾಲಿನಲ್ಲಿ ಎದುರು ವಕೀಲರು ಓದುವ ಮೊದಲ ಸಾಲು ಅದೇ. ಯಾರು ಹೊಡೆದರು, ಯಾವುದರಿಂದ, ಎಲ್ಲಿ, ಯಾವಾಗ, ಈ ನಾಲ್ಕನ್ನೂ ಹೇಳಿ ಬರೆಸಿ. ಹೆಸರು ಗೊತ್ತಿಲ್ಲದಿದ್ದರೆ "ಇಂಥ ಠಾಣೆಯ ಪೊಲೀಸರು" ಎಂದರೆ ಸಾಕು.

ನೋವಿರುವ ಕಡೆ ಮಾತ್ರ ತೋರಿಸಬೇಡಿ, ಇಡೀ ಮೈ ತೋರಿಸಿ. ಪಾದದ ಅಡಿ, ತೊಡೆಯ ಹಿಂಭಾಗ, ಕುಂಡೆ, ಕಿವಿಯ ಹಿಂದೆ, ಮಣಿಕಟ್ಟು. ನಾಚಿಕೆಯಿಂದ ಜನ ಬಿಟ್ಟುಬಿಡುವ ಜಾಗಗಳಲ್ಲೇ ಏಟು ಬಿದ್ದಿರುತ್ತದೆ. ಹೊಡೆಯುವವರಿಗೂ ಅದು ಗೊತ್ತು. ಕಂದಿದ ಗುರುತು ಕೆಲವೊಮ್ಮೆ ಮರುದಿನ ಎದ್ದು ಕಾಣುತ್ತದೆ. ಆದ್ದರಿಂದ ಮಾರನೆಯ ದಿನ ಮತ್ತೊಮ್ಮೆ ಹೋಗಿ. ಫೋಟೊ ತೆಗೆಯುವಾಗ ಮುಖವೂ ಗಾಯವೂ ಒಂದೇ ಚಿತ್ರದಲ್ಲಿ ಬರಲಿ, ಆಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ತೆಗೆಯಿರಿ. ತೆಗೆದ ಫೋನನ್ನು ಮಾರಬೇಡಿ, ಫೋಟೊ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ ಅದರ ಜೊತೆ, ಚಿತ್ರ ಆ ಫೋನಿನದೇ ಎಂದು ಹೇಳುವ ಪ್ರಮಾಣಪತ್ರ ಬೇಕಾಗುತ್ತದೆ.

ಕೇಸಿನ ಮಾತು ಒಂದು ಕ್ಷಣ ಪಕ್ಕಕ್ಕಿಡಿ. ಮೈ ತುಂಬಾ ಏಟು ಬಿದ್ದ ಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ ತಕ್ಷಣ ಡಾಕ್ಟರಿಗೆ ಹೇಳಿ. ಜಜ್ಜಿದ ಮಾಂಸಖಂಡದಿಂದ ಕಿಡ್ನಿ ಕೆಡುತ್ತದೆ. ಹೊರಗೆ ದೊಡ್ಡ ಗಾಯವಿಲ್ಲದೆಯೂ ಜೀವ ಹೋಗಬಹುದು.

ಬಂಧನದಲ್ಲೇ ಇದ್ದರೆ ವೈದ್ಯಕೀಯ ಪರೀಕ್ಷೆ ಮಾಡಿಸುವುದು ಪೊಲೀಸರ ಹೊಣೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಪ್ರಕಾರ ಆ ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು. ಕೇಳಿದರೆ ಸಿಗುತ್ತದೆ. ಕೇಳುವವರೇ ಕಡಿಮೆ.

ಮ್ಯಾಜಿಸ್ಟ್ರೇಟರ ಒಂದು ಪ್ರಶ್ನೆ

ರಿಮ್ಯಾಂಡಿಗೆ, ಅಂದರೆ ವಶದಲ್ಲಿ ಮುಂದುವರಿಸಲು ಕೋರ್ಟಿನ ಆದೇಶ ಕೇಳಲು ತಂದಾಗ ನ್ಯಾಯಾಧೀಶರು ಕೇಳುತ್ತಾರೆ: "ಪೊಲೀಸರಿಂದ ಏನಾದರೂ ತೊಂದರೆ ಆಯ್ತಾ?" ಅರ್ಧ ನಿಮಿಷದ ಮಾತು. ಹೊಡೆದವರು ಎರಡು ಹೆಜ್ಜೆ ಹಿಂದೆ ನಿಂತಿರುತ್ತಾರೆ. "ಇಲ್ಲ ಸ್ವಾಮಿ" ಎಂಬ ಉತ್ತರ ಬರುತ್ತದೆ. ಆರ್ಡರ್ ಶೀಟಿನಲ್ಲಿ (ಕೋರ್ಟಿನ ಆ ದಿನದ ನಡಾವಳಿ ಬರೆಯುವ ಹಾಳೆ) "ಪೊಲೀಸರ ಮೇಲೆ ದೂರು ಇಲ್ಲ" ಎಂದು ದಾಖಲಾಗುತ್ತದೆ. ಇದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮನೆಯವರು, ವಕೀಲರು ಕೋರ್ಟಿನ ಕಾರಿಡಾರಿನಲ್ಲೇ ಬಂಧಿತನಿಗೆ ಹೇಳಿಬಿಡಿ: "ಕೇಳಿದಾಗ ಹೇಳು. ಕೇಳದಿದ್ದರೂ ಹೇಳು. ಅಂಗಿ ಎತ್ತಿ ತೋರಿಸು." ಪೊಲೀಸರು ಹಿಂದಿದ್ದರೆ ಮಾತಾಡಲು ಭಯ ಎಂದು ವಕೀಲರು ಹೇಳಿ, ಅವರನ್ನು ಹೊರಗೆ ನಿಲ್ಲಿಸಲು ಕೋರಬಹುದು. ಬಾಯಿಮಾತಿಗೆ ಬಿಡದೆ ಹೊಡೆತದ ವಿಷಯ ಬರೆದು ಒಂದು ಪುಟದ ಮೆಮೊ ಕೋರ್ಟಿಗೆ ಸಲ್ಲಿಸಿ, ಮತ್ತೆ ವೈದ್ಯಕೀಯ ಪರೀಕ್ಷೆಗೆ ಆದೇಶ ಕೇಳಿ. ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕಿ. ಅಲ್ಲಿ ಬಾಯಿ ಬಿಡಲಾಗದವರಿಗೆ ಇನ್ನೊಂದು ಅವಕಾಶವಿದೆ. ಜೈಲಿಗೆ ಸೇರಿಸಿಕೊಳ್ಳುವಾಗ ಅಲ್ಲಿನ ಡಾಕ್ಟರ್ ಮೈ ನೋಡುತ್ತಾರೆ. ಹೊಸ ಗಾಯವಿದ್ದರೆ ಅಲ್ಲಿ ಬರೆಸಿ.

ಕ್ಯಾಮೆರಾ

ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಡೆ ಸಿಸಿಟಿವಿ ಇರಬೇಕು, ಧ್ವನಿಯೂ ದಾಖಲಾಗಬೇಕು, ದೃಶ್ಯವನ್ನು 18 ತಿಂಗಳು ಇಡಬೇಕು, ಕನಿಷ್ಠ ಒಂದು ವರ್ಷವಾದರೂ ಇಡಲೇಬೇಕು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಬಂದ ಸುಪ್ರೀಂ ಕೋರ್ಟಿನ ಆದೇಶ ಇದು. ವಾಸ್ತವದಲ್ಲಿ "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಸಿಗಬಹುದು. ಅದಕ್ಕೇ ಮೊದಲ ವಾರದಲ್ಲೇ ಎಸ್‌ಪಿಗೆ ಬರೆದು, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಸದೆ ಕಾದಿಡಿ ಎಂದು ಕೇಳಿ. ಮಾಹಿತಿ ಹಕ್ಕಿನಲ್ಲೂ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. ಅರ್ಜಿ ತಿರಸ್ಕಾರವಾದರೂ ನಷ್ಟವಿಲ್ಲ. ಕೇಳಿದ ಮೇಲೆ ದೃಶ್ಯ ಮಾಯವಾದರೆ ಅದಕ್ಕೆ ಅವರೇ ಉತ್ತರ ಹೇಳಬೇಕಾಗುತ್ತದೆ.

ದೂರು ಬರೆಯುವುದು

ಬೈಗುಳ ಬೇಡ, ಭಾಷಣ ಬೇಡ. ನಾನು ಬರೆದುಕೊಡುವುದು ಹೆಚ್ಚೂ ಕಡಿಮೆ ಹೀಗೆ: "ಇಂಥ ದಿನ ಸಂಜೆ 6.30ಕ್ಕೆ ನನ್ನನ್ನು ಮನೆಯಿಂದ ಕರೆದೊಯ್ದರು. ಬಂಧನದ ಮೆಮೊ ಕೊಡಲಿಲ್ಲ. ರಾತ್ರಿ 9ರ ಸುಮಾರಿಗೆ ಮೇಲಿನ ಕೋಣೆಯಲ್ಲಿ, ಹೆಸರು ಇಂಥದ್ದೆಂದು ಬ್ಯಾಡ್ಜಿನಲ್ಲಿದ್ದ ಪಿಎಸ್‌ಐ, ಕಳ್ಳತನ ಒಪ್ಪಿಕೋ ಎಂದು ಹೇಳುತ್ತಾ ಲಾಠಿಯಿಂದ ಎರಡೂ ಪಾದಕ್ಕೆ ಹೊಡೆದರು. ಮರುದಿನ ಇಂಥ ಆಸ್ಪತ್ರೆಯಲ್ಲಿ ಎಂಎಲ್‌ಸಿ ಆಗಿದೆ." "ಒಪ್ಪಿಕೋ" ಎಂಬ ಮಾತು ಇದ್ದರೆ ಬಿಡಬೇಡಿ. ತಪ್ಪೊಪ್ಪಿಗೆ ಹೊರಡಿಸಲು ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಪ್ರಕಾರ ಬೇರೆಯೇ ಅಪರಾಧ. ಸಾಮಾನ್ಯ ಗಾಯವಾದರೆ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ ಇದೆ.

ಅದೇ ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ ಅಲ್ವಾ? ಬೇರೆ ಯಾವ ಠಾಣೆಯಲ್ಲಾದರೂ ಕೊಡಬಹುದು. ನಿರಾಕರಿಸಿದರೆ ಹಿಂಬರಹ, ಅಂದರೆ ನಿರಾಕರಿಸಿದ್ದನ್ನು ಬರೆದುಕೊಟ್ಟ ಕಾಗದ ಕೇಳಿ. ನಂತರ ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಕೆಲಸವಾಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕು. ನಮ್ಮ ಕೋರ್ಟುಗಳ ಮಾತಿನಲ್ಲಿ ಇದಕ್ಕೆ "ಪಿಸಿಆರ್ (ಖಾಸಗಿ ದೂರು) ಹಾಕುವುದು" ಅನ್ನುತ್ತಾರೆ.

2024ರ ಜುಲೈ 1ರಿಂದ ಬಂದ ಹೊಸ ಕಾನೂನು ಇಲ್ಲಿ ದಾರಿಯನ್ನು ಸ್ವಲ್ಪ ಉದ್ದ ಮಾಡಿದೆ. ಕರ್ತವ್ಯದ ವೇಳೆ ನಡೆದದ್ದೆಂದರೆ, ತನಿಖೆಗೆ ಆದೇಶಿಸುವ ಮೊದಲು ಮ್ಯಾಜಿಸ್ಟ್ರೇಟರು ಮೇಲಧಿಕಾರಿಯ ವರದಿ ತರಿಸಿ, ದೂರಿಗೊಳಗಾದ ನೌಕರನ ಮಾತನ್ನೂ ಪರಿಗಣಿಸಬೇಕು. ಇದು ನನಗೆ ಸರಿ ಕಾಣುವುದಿಲ್ಲ. ಏಟು ತಿಂದವನ ಮಾತಿಗಿಂತ ಮೊದಲು ಹೊಡೆದವನ ವಿವರಣೆ ಯಾಕೆ? ಆಮೇಲೆ ಪೊಲೀಸರ ಮೇಲೆ ಕೋರ್ಟಿನಲ್ಲಿ ಕೇಸು ನಡೆಸಲು ಸರ್ಕಾರದ ಪೂರ್ವಾನುಮತಿಯ ಪ್ರಶ್ನೆ. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಲ್ಲೂ ಅದು ಬರುತ್ತದೆ, ಮತ್ತು ಕೆಲಸಕ್ಕೂ ಕೃತ್ಯಕ್ಕೂ ಸಂಬಂಧವಿದ್ದರೆ ಮಿತಿಮೀರಿದ ವರ್ತನೆಗೂ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಎಫ್‌ಐಆರ್ ಆಗಲು ಈ ಅನುಮತಿ ಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಪ್ರಕಾರ ಅನುಮತಿಯ ಕೋರಿಕೆ ತಲುಪಿದ 120 ದಿನದಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ. ಆ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಜೊತೆಗೆ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು. ರಾಷ್ಟ್ರೀಯ ಆಯೋಗ, ರಾಜ್ಯ ಆಯೋಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ರಾಜ್ಯ ಆಯೋಗದ ಮುಂದಿರುವುದನ್ನು ರಾಷ್ಟ್ರೀಯ ಆಯೋಗ ವಿಚಾರಿಸುವುದಿಲ್ಲ. ಆಯೋಗ ಮಾಡುವುದು ಶಿಫಾರಸು ಮಾತ್ರ, ಆದರೂ ಅದರ ತನಿಖಾ ವರದಿ ಕೋರ್ಟಿನಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2006ರ ತೀರ್ಪಿನಿಂದ ಹುಟ್ಟಿದ ಪೊಲೀಸ್ ದೂರು ಪ್ರಾಧಿಕಾರವೂ ಇದೆ.

ಪರಿಹಾರದ ದಾರಿ ಬೇರೆ. ಒಡಿಶಾದ ನೀಲಾಬತಿ ಬೆಹರಾ ಎಂಬ ತಾಯಿ, ಪೊಲೀಸ್ ವಶದಲ್ಲಿ ಸತ್ತ 22 ವರ್ಷದ ಮಗನಿಗಾಗಿ 1988ರಲ್ಲಿ ಸುಪ್ರೀಂ ಕೋರ್ಟಿಗೆ ಬರೀ ಒಂದು ಪತ್ರ ಬರೆದರು. ಕೋರ್ಟ್ ಅದನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡು, 1993ರಲ್ಲಿ 1,50,000 ರೂಪಾಯಿ ಕೊಡಲು ಸರ್ಕಾರಕ್ಕೆ ಹೇಳಿತು. ಕ್ರಿಮಿನಲ್ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಹೈಕೋರ್ಟಿನಲ್ಲಿ ಇಂದಿಗೂ ಆ ದಾರಿ ತೆರೆದಿದೆ. ವಶದಲ್ಲಿ ಸಾವಾದರೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಮರಣೋತ್ತರ ಪರೀಕ್ಷೆಯ ವಿಡಿಯೊ ಆಗಿದೆಯೇ ಎಂದು ಅಂತ್ಯಕ್ರಿಯೆಗೆ ಮೊದಲೇ ಕೇಳಿ.

ದೂರು ಕೊಟ್ಟ ಮೇಲೆ

ಎರಡು ಸಂಗತಿ ನಡೆಯಬಹುದು. ಒಂದು, ನಿಮ್ಮ ಮೇಲೆಯೇ "ಕರ್ತವ್ಯಕ್ಕೆ ಅಡ್ಡಿ" ಎಂದು ಕೇಸು. ಅದರ ಎಫ್‌ಐಆರ್ ಎಷ್ಟು ಗಂಟೆಗೆ ಆಗಿದೆ ನೋಡಿ. ನಿಮ್ಮ ಎಂಎಲ್‌ಸಿ ಅಥವಾ ಇಮೇಲ್ ಅದಕ್ಕಿಂತ ಮುಂಚಿನದಾದರೆ, ಸೇಡಿನ ಕೇಸು ಎಂದು ತೋರಿಸುವುದು ಸುಲಭ. ಇನ್ನೊಂದು, ಊರಿನ ಹಿರಿಯರ ಮೂಲಕ ರಾಜಿ ಮಾತು. ದುಡ್ಡು, ಹೆದರಿಕೆ, ಎರಡೂ ಬರುತ್ತವೆ. ಬಂದವರ ಹೆಸರು, ದಿನ, ಆಡಿದ ಮಾತು ಬರೆದು, ಈಗಾಗಲೇ ಕೊಟ್ಟ ದೂರಿನ ನಂಬರ್ ಹಾಕಿ, ಆಯೋಗಕ್ಕೂ ಕೋರ್ಟಿಗೂ ತಿಳಿಸಿ. ಜೀವಭಯವಿದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಅರ್ಜಿ ಹಾಕಬಹುದು. ಜಿಲ್ಲಾ ನ್ಯಾಯಾಧೀಶರ ಸಮಿತಿ ಅದನ್ನು ತೀರ್ಮಾನಿಸುತ್ತದೆ. ಅರ್ಜಿ ಬರೆಯಲು ನಿಮ್ಮ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಯಲ್ಲಿ ಸಹಾಯ ಮಾಡುತ್ತಾರೆ. ಎಲ್ಲ ಕಾಗದದ ಒಂದು ನಕಲು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ.