ಇಗರ್ಜಿಗೆ ಹೋಗುವವರೂ ನಾಸ್ತಿಕರೂ ಕೆಲಸಕ್ಕೆ ಬರುವ ವಾದ ಮಾಡುವುದು ಹೇಗೆ

ವಾದಕ್ಕೆ ಕೂರುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನೀವು ಮಾತಾಡುತ್ತಿರುವುದು ದೇವರಿದ್ದಾನೋ ಇಲ್ಲವೋ ಅನ್ನುವುದರ ಬಗ್ಗೆಯಾ? ಅಥವಾ ಸರ್ಕಾರ, ಶಾಲೆ, ಹೌಸಿಂಗ್ ಸೊಸೈಟಿ ದೇವರ ಹೆಸರಲ್ಲಿ ಜನರಿಂದ ಏನೇನು ಮಾಡಿಸಬಹುದು ಅನ್ನುವುದರ ಬಗ್ಗೆಯಾ? ಮೊದಲನೆಯದು ಮುಗಿಯುವ ವಾದವಲ್ಲ. ಎರಡನೆಯದಕ್ಕೆ ಕಾನೂನಿದೆ, ತೀರ್ಪುಗಳಿವೆ, ಒಂದು ಒಪ್ಪಂದಕ್ಕೆ ಬರುವ ದಾರಿಯೂ ಇದೆ.

ಮುಂಬೈ, ಪುಣೆಯ ಕನ್ನಡಿಗರ ನಡುವೆ ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಇವೆರಡನ್ನೂ ಕಲಸಿ ಹಾಕಿದ್ದರಿಂದಲೇ ಆದವು. ಒಬ್ಬರು ಮಂಗಳೂರು ಕಡೆಯ ಕಥೊಲಿಕರು, ಭಾನುವಾರ ಪೂಜೆ ತಪ್ಪಿಸದವರು. ಇನ್ನೊಬ್ಬರು ಮಹಾರಾಷ್ಟ್ರದಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರನ್ನು ಮೆಚ್ಚಿಕೊಂಡ ವಿಚಾರವಾದಿ. "ದೇಶದ ವ್ಯವಹಾರದಲ್ಲಿ ಧರ್ಮ ಯಾಕ್ರೀ ಬರಬೇಕು?" ಅಂತ ಇವರು ಕೇಳುತ್ತಾರೆ. "ನನ್ನ ನಂಬಿಕೆ ಅಂದ್ರೆ ನಿಮಗೆ ಅಷ್ಟು ಸದರವಾ?" ಅಂತ ಅವರು. ಸ್ವಲ್ಪ ಹೊತ್ತಿಗೆ ಮಾತು ಧರ್ಮಯುದ್ಧ, ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್ ಅಂತ ಎಲ್ಲೆಲ್ಲೋ ಹೋಗುತ್ತದೆ. ಜಗಳಕ್ಕೆ ಕಾರಣವಾದ ಮಗುವಿನ ಶಾಲೆಯ ಪ್ರಾರ್ಥನೆಯ ವಿಷಯ ಮಾತ್ರ ಹಾಗೇ ಉಳಿಯುತ್ತದೆ.

ಮೊದಲನೆಯದಾಗಿ, ಅಮೆರಿಕದ ಜಗಳವನ್ನು ಇಲ್ಲಿಗೆ ತರಬೇಡಿ. ಫೋನಿಗೆ ಬರುವ ವಿಡಿಯೋಗಳಲ್ಲಿ ಬಹಳಷ್ಟು ಅಲ್ಲಿನವೇ ಅಲ್ವಾ? ಅಲ್ಲಿ 1954ರಲ್ಲಿ ಧ್ವಜದ ಮುಂದೆ ಹೇಳುವ ಪ್ರತಿಜ್ಞೆಗೆ ದೇವರ ಹೆಸರು ಸೇರಿಸಿದರು. 1956ರಲ್ಲಿ ದೇವರಲ್ಲಿ ನಮಗೆ ನಂಬಿಕೆ ಅನ್ನುವುದನ್ನೇ ದೇಶದ ಧ್ಯೇಯವಾಕ್ಯ ಮಾಡಿದರು. 1962ರಲ್ಲಿ, ಸರ್ಕಾರ ಬರೆದುಕೊಟ್ಟ ಪ್ರಾರ್ಥನೆಯನ್ನು ಸರ್ಕಾರಿ ಶಾಲೆಯಲ್ಲಿ ಹೇಳಿಸುವುದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಕ್ರೈಸ್ತರೇ ದೊಡ್ಡ ಸಂಖ್ಯೆಯವರು, ಹಾಗಾಗಿ ಅಲ್ಲಿನ ನಾಸ್ತಿಕರ ದೂರಿಗೆ ಒಂದು ಅರ್ಥ ಇದೆ. ಇಂಗ್ಲೆಂಡಿನ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಂತೂ 26 ಬಿಷಪ್ಪರಿಗೆ ಸ್ಥಾನ ಮೀಸಲು. ಇಲ್ಲಿ ಲೆಕ್ಕವೇ ಬೇರೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಕ್ರೈಸ್ತರು ಶೇ. 2.3, ಮಹಾರಾಷ್ಟ್ರದಲ್ಲಿ ಸುಮಾರು ಶೇ. 1. ಧರ್ಮ ತಿಳಿಸದವರು ಇಡೀ ದೇಶದಲ್ಲಿ ಸುಮಾರು 28.7 ಲಕ್ಷ, ಅವರೆಲ್ಲರೂ ನಾಸ್ತಿಕರೂ ಅಲ್ಲ. ಅಂದರೆ ಮುಂಬೈಯಲ್ಲಿ ಜಗಳವಾಡುತ್ತಿರುವ ಇಬ್ಬರೂ ಸಣ್ಣ ಗುಂಪಿನವರು. ನನಗೆ ಈ ವಿಷಯ ಮುಖ್ಯ ಅನ್ನಿಸುವುದೇ ಇದಕ್ಕೆ: ಇಬ್ಬರಿಗೂ ನೆರಳು ಕೊಡುವುದು ಒಂದೇ ಕಾನೂನು, ಅದನ್ನು ಇಬ್ಬರೂ ಸೇರಿ ಕಾಯಬೇಕು.

ಇದನ್ನು ಸುಮ್ನೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೆ ಕೆಲವು ಸಂಗತಿ ನೆನಪಿಟ್ಟುಕೊಂಡು ಹೋಗಿ.

ನಾಸ್ತಿಕ ಗೆಳೆಯರಿಗೆ ಹೇಳಬೇಕಾದದ್ದು ಇದು. ನಮ್ಮ ಶಾಸಕರು, ಮಂತ್ರಿಗಳು ದೇವರ ಹೆಸರು ಹೇಳದೆಯೂ ಪ್ರಮಾಣವಚನ ತೆಗೆದುಕೊಳ್ಳಬಹುದು, ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಅದಕ್ಕೆ ಜಾಗ ಇದೆ. ಆಣೆ ಇಡದೆ ಮಾತು ಕೊಡುವ ಈ ಹಕ್ಕನ್ನು ಇಂಗ್ಲೆಂಡಿನಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು 1695ರ ಕಾಯ್ದೆಯಲ್ಲಿ ಪಡೆದರು. ಆಣೆ ಇಡಲೇಬೇಡಿ ಅಂತ ಯೇಸು ಹೇಳಿದ್ದಾನೆ ಅನ್ನುವುದೇ ಅವರ ವಾದ. ಅಮೆರಿಕದಲ್ಲಿ ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕು ಅಂತ ಆಗಿನ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದ ಪತ್ರ ಹೋದದ್ದು ಡ್ಯಾನ್ಬರಿ ಊರಿನ ಬ್ಯಾಪ್ಟಿಸ್ಟ್ ಕ್ರೈಸ್ತರಿಗೆ, ಸರ್ಕಾರದ ಬೆಂಬಲ ಇದ್ದ ಇನ್ನೊಂದು ಚರ್ಚಿನ ಕಾಟ ತಡೆಯಲಾಗದೆ ಕಾಗದ ಬರೆದವರು ಅವರು. ನಮ್ಮಲ್ಲೂ ನೋಡಿ. 1985ರಲ್ಲಿ ಕೇರಳದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದರು. ಅವರು ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು, ಹಾಡುತ್ತಿರಲಿಲ್ಲ, ಆದರೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ಯಾವುದೇ ಧರ್ಮಕ್ಕೆ ಸೇರಿಲ್ಲ ಅಂತ ಸರ್ಕಾರಿ ಫಾರ್ಮಿನಲ್ಲಿ ಬರೆಯಬಹುದು ಎಂಬ 2014ರ ಬಾಂಬೆ ಹೈಕೋರ್ಟ್ ತೀರ್ಪಿದೆಯಲ್ಲ, ಅದಕ್ಕೆ ಅರ್ಜಿ ಹಾಕಿದವರೂ ಯೇಸುವನ್ನು ನಂಬುವವರೇ, ಕ್ರೈಸ್ತ ಧರ್ಮ ಅನ್ನುವ ಹಣೆಪಟ್ಟಿ ಮಾತ್ರ ಬೇಡ ಅಂದವರು. ಇವತ್ತು ನಾಸ್ತಿಕರು ಹೆಮ್ಮೆಯಿಂದ ತೋರಿಸುವ ತೀರ್ಪು ಅದು.

ಇಗರ್ಜಿಗೆ ಹೋಗುವವರಿಗೂ ಹೇಳಬೇಕಾದ ಮಾತಿದೆ. ಚಾರ್ಲ್ಸ್ ಬ್ರಾಡ್ಲಾ ಅನ್ನುವ ನಾಸ್ತಿಕ 1880ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆರಿಸಿ ಬಂದರೂ ಪ್ರಮಾಣವಚನದ ಜಗಳದಲ್ಲಿ 1886ರ ತನಕ ಸರಿಯಾಗಿ ಕೂರಲು ಬಿಡಲಿಲ್ಲ. ಅದೇ ಮನುಷ್ಯ 1889ರಲ್ಲಿ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ಭಾರತೀಯರ ಪರ ನಿಂತವರು. ಇನ್ನೊಂದು ನಮ್ಮ ಪಕ್ಕದ್ದೇ. ನಾಸಿಕ್‌ನ ಒಬ್ಬ ಶಿಕ್ಷಕರು ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಕೈಮುಗಿಯಲಿಲ್ಲ ಅಂತ ಅವರ ಸಂಬಳದ ಹೆಚ್ಚಳ ತಡೆದರು. 2013ರಲ್ಲಿ ಬಾಂಬೆ ಹೈಕೋರ್ಟ್, ಕೈಮುಗಿ ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ ಅಂದಿತು. ನಾಳೆ ಯಾವುದೋ ಶಾಲೆಯಲ್ಲಿ ಕ್ರೈಸ್ತ ಟೀಚರ್ ಒಬ್ಬರಿಗೆ ಬೇರೆ ದೇವರ ಫೋಟೋಗೆ ಕೈಮುಗಿಯಲೇಬೇಕು ಅಂತ ಒತ್ತಾಯ ಬಂದರೆ ಅವರ ಕೈಯಲ್ಲಿರುವುದು ಇದೇ ತೀರ್ಪು.

ಮಾತು ಬಿಸಿಯಾದಾಗ ಧರ್ಮದ ಹೆಸರು ಬದಲಿಸಿ ನೋಡಿ. ಇದು ನಾನು ಕಂಡ ಹಾಗೆ ಎಲ್ಲಕ್ಕಿಂತ ಉಪಯೋಗದ ಉಪಾಯ. ಗಣರಾಜ್ಯೋತ್ಸವದ ಕೊನೆಗೆ ಸೇನೆಯ ಬ್ಯಾಂಡ್ ನುಡಿಸುವ ಬೀಟಿಂಗ್ ರಿಟ್ರೀಟ್ ಕಾರ್ಯಕ್ರಮದಲ್ಲಿ ಗಾಂಧೀಜಿಗೆ ಇಷ್ಟವಾಗಿದ್ದ ಒಂದು ಕ್ರೈಸ್ತ ಭಕ್ತಿಗೀತೆಯ ರಾಗ ನುಡಿಸುತ್ತಿದ್ದರು, 2022ರಲ್ಲಿ ಅದನ್ನು ಕೈಬಿಟ್ಟರು. ಕ್ರೈಸ್ತರು ನೊಂದುಕೊಂಡರು. ಸರ್ಕಾರದ ಕಾರ್ಯಕ್ರಮಕ್ಕೆ ಭಕ್ತಿಗೀತೆ ಯಾಕೆ, ಬಿಟ್ಟದ್ದೇ ಸರಿ ಅಂತ ನಾಸ್ತಿಕರು ಹೇಳಬಹುದು. ಈಗ ಇಬ್ಬರೂ ಹೆಸರು ಬದಲಿಸಿ. ನಾಸ್ತಿಕರೇ, ಬೇರೆ ಧರ್ಮಗಳ ಮಂತ್ರ, ಪೂಜೆಗಳನ್ನೂ ಸರ್ಕಾರಿ ಸಮಾರಂಭದಿಂದ ಇದೇ ಅಳತೆಯಲ್ಲಿ ತೆಗೆದಿದ್ದಾರಾ? ಒಂದಕ್ಕೆ ಮಾತ್ರ ಹಚ್ಚಿದ ನಿಯಮಕ್ಕೆ ಚಪ್ಪಾಳೆ ಹೊಡೆಯಬೇಡಿ. ಕ್ರೈಸ್ತರೇ, ಆ ಜಾಗದಲ್ಲಿ ಇನ್ನೊಂದು ಧರ್ಮದ ಹಾಡು ಇದ್ದು ಅದನ್ನು ತೆಗೆದಿದ್ದರೆ ನಿಮಗೆ ಇಷ್ಟೇ ನೋವಾಗುತ್ತಿತ್ತಾ? ಇಬ್ಬರೂ ನಿಜ ಹೇಳಿದರೆ ಮಾತಿನ ದನಿಯೇ ಬದಲಾಗುತ್ತದೆ.

ದೇವರ ಹೆಸರನ್ನು ಓಟಿಗೆ ಹಾಕಬೇಡಿ. 1949ರ ಅಕ್ಟೋಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಅವರು ಸಂವಿಧಾನದ ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಅಂತ ತಿದ್ದುಪಡಿ ತಂದರು. 41 ಪರ, 68 ವಿರೋಧ, ಬಿದ್ದು ಹೋಯಿತು. ವಿರೋಧಿಸಿದವರೆಲ್ಲ ನಾಸ್ತಿಕರಲ್ಲ. ಇದು ಎಲ್ಲರ ನಂಬಿಕೆಯ ಸ್ವಾತಂತ್ರ್ಯಕ್ಕೆ ಹೊಂದುವುದಿಲ್ಲ ಅಂತ ಹೃದಯನಾಥ ಕುಂಜ್ರು ಅಂಥವರು ವಾದಿಸಿದರು. ದೇವರನ್ನು ಓಟಿಗೆ ಹಾಕಬೇಡಿ ಅಂತ ಕೇಳಿಕೊಂಡವರೂ ಇದ್ದರು. ಇದೇ ಮಾತು ನಮ್ಮ ಕನ್ನಡ ಸಂಘಗಳಿಗೂ ಸಲ್ಲುತ್ತದೆ. ರಾಜ್ಯೋತ್ಸವದ ದಿನ ಪ್ರಾರ್ಥನೆ ಇಡಬೇಕಾ ಬೇಡವಾ ಅಂತ ಕಮಿಟಿಯಲ್ಲಿ ಕೈ ಎತ್ತಿಸಿದರೆ ಸೋತವರು ಮುಂದಿನ ವರ್ಷ ಬರುವುದಿಲ್ಲ. ಅದರ ಬದಲು ನಾಡಗೀತೆಯಿಂದ ಶುರು ಮಾಡಿ. ದೀಪ ಹಚ್ಚಲು ಕರೆಯುವ ಮುಂಚೆ ಆ ಅತಿಥಿಯನ್ನು ಖಾಸಗಿಯಾಗಿ ಕೇಳಿ, ಬೇಡ ಅಂದರೆ ವೇದಿಕೆಯ ಮೇಲೆ ಕೈ ಹಿಡಿದು ಎಳೆಯಬೇಡಿ. ಪ್ರಾರ್ಥನೆ ಇದ್ದರೆ ನಂಬದವರು ಸುಮ್ಮನೆ ನಿಂತರಾಯಿತು, ಆ ಹೊತ್ತಿಗೆ ಫೋನ್ ನೋಡುವುದು, ಎದ್ದು ಹೊರಗೆ ಹೋಗುವುದು ಬೇಡ.

ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲು ಹತ್ತು ಸಲ ಯೋಚಿಸಿ. ಇರ್ಲಾದ ವೇಲಾಂಕಣಿ ಚರ್ಚಿನ ಸಂಗತಿ ಮುಂಬೈಯವರಿಗೆ ನೆನಪಿರಬೇಕು. 2012ರಲ್ಲಿ ಅಲ್ಲಿನ ಶಿಲುಬೆಯಿಂದ ನೀರು ತೊಟ್ಟಿಕ್ಕಿತು, ಜನ ಪವಾಡ ಅಂದರು. ವಿಚಾರವಾದಿ ಸನಲ್ ಇಡಮರುಕು ಬಂದು ನೋಡಿ, ಪಕ್ಕದ ಚರಂಡಿ ಕಟ್ಟಿಕೊಂಡು ನೀರು ಗೋಡೆಯೊಳಗಿಂದ ಮೇಲೇರಿ ಬರುತ್ತಿದೆ ಅಂದರು. ಟಿವಿಯಲ್ಲಿ ಚರ್ಚಿನ ಮೇಲೂ ಟೀಕೆ ಮಾಡಿದರು. ಕೆಲವು ಕಥೊಲಿಕ ಸಂಘಟನೆಗಳು ಆಗಿನ ಭಾರತೀಯ ದಂಡ ಸಂಹಿತೆಯ 295ಎ ಕಲಮಿನಡಿ ದೂರು ಕೊಟ್ಟವು, ಅವರು ಫಿನ್‌ಲೆಂಡಿಗೆ ಹೋಗಬೇಕಾಯಿತು. ಇದರಿಂದ ಚರ್ಚಿಗೆ ಏನು ಸಿಕ್ಕಿತು? ಚರಂಡಿ ಅಂದವರನ್ನು ದೇಶ ಬಿಡಿಸಿದರು ಅನ್ನುವ ಹೆಸರು. ಆ ಕಲಮು 1927ರದ್ದು, ಬೇಕೆಂತಲೇ, ಕೆಟ್ಟ ಉದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮೂರು ವರ್ಷದ ತನಕ ಜೈಲು. ಈಗ ಅದೇ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿದೆ. ಇವತ್ತು ನಾಸ್ತಿಕರ ಮೇಲೆ ಹಾಕಿಸಿದ್ದನ್ನು ನಾಳೆ ಬೇರೆಯವರು ನಿಮ್ಮ ಪಾಸ್ಟರ ಪ್ರವಚನದ ಮೇಲೆ ಹಾಕಿಸಬಹುದು. ನಾಸ್ತಿಕರೂ ಅಷ್ಟೇ, ನೀರು ಎಲ್ಲಿಂದ ಬಂತು ಅನ್ನುವುದನ್ನು ತೋರಿಸಿ, ಅಲ್ಲಿಗೆ ನಿಲ್ಲಿಸಿ. ಜಪಮಾಲೆ ಹಿಡಿದು ಕೂತ ಅಜ್ಜಿಯನ್ನು ನಗೆಪಾಟಲು ಮಾಡುವುದು ವಿಜ್ಞಾನ ಅಲ್ಲ.

ಗೋವಾದಲ್ಲಿರುವವರಿಗೆ ಇನ್ನೊಂದು ಮಾತು, ಅಲ್ಲಿ ಕ್ರೈಸ್ತರು 2011ರಲ್ಲಿ ಶೇ. 25ರಷ್ಟಿದ್ದರು, ಚುನಾವಣೆ ಬಂದರೆ ಬಿಷಪ್ಪರ ಪತ್ರವೇ ದೊಡ್ಡ ಸುದ್ದಿ. ಬಿಷಪ್ಪರು ರಾಜಕೀಯ ಮಾತಾಡಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಅವರೂ ನಾಗರಿಕರೇ. ಆದರೆ ಇಂಥವರಿಗೆ ಓಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅಂತ ಅಭ್ಯರ್ಥಿಯ ಒಪ್ಪಿಗೆಯಿಂದ ಹೆದರಿಸಿದರೆ ಅದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಗೆರೆ ಅಲ್ಲಿದೆ, ಅಲ್ಲೇ ವಾದ ಮಾಡಿ.

ಕೊನೆಗೆ ಶಾಲೆ. ನಂಬದ ಅಪ್ಪ ಅಮ್ಮಂದಿರೂ ಮಗುವನ್ನು ಕಾನ್ವೆಂಟಿಗೇ ಸೇರಿಸುತ್ತಾರೆ, ಆಮೇಲೆ ಬೆಳಗಿನ ಪ್ರಾರ್ಥನೆ ಕಿರಿಕಿರಿ ಆಗುತ್ತದೆ. ಆ ಪ್ರಾರ್ಥನೆಯನ್ನೇ ನಿಲ್ಲಿಸಿ ಅಂತ ಕೇಳಬೇಡಿ, ಅಲ್ಪಸಂಖ್ಯಾತರಾಗಿ ಸಂಸ್ಥೆ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿ ಅವರಿಗಿದೆ. ನಿಮ್ಮ ಮಗುವಿನ ಮಟ್ಟಿಗೆ ಕೇಳಿ. ಮಾನ್ಯತೆ ಪಡೆದ ಅಥವಾ ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಆರಾಧನೆಯಲ್ಲಿ ಸೇರಿಸುವಂತಿಲ್ಲ ಅಂತ 28(3)ನೇ ವಿಧಿ ಹೇಳುತ್ತದೆ. ಕ್ರೈಸ್ತ ಪೋಷಕರಿಗೂ ಬೇರೆ ಧರ್ಮದವರು ನಡೆಸುವ ಶಾಲೆಯಲ್ಲಿ ಇದೇ ವಿಧಿ ಉಪಯೋಗಕ್ಕೆ ಬರುತ್ತದೆ. ಮೊದಲು ಕ್ಲಾಸ್ ಟೀಚರ್ ಜೊತೆ ಮಾತಾಡಿ, ಆಮೇಲೆ ಪ್ರಿನ್ಸಿಪಾಲರಿಗೆ ಅರ್ಧ ಪುಟದ ಕಾಗದ ಬರೆಯಿರಿ. ಮಗು ಸಮಯಕ್ಕೆ ಬರುತ್ತದೆ, ಎಲ್ಲರ ಜೊತೆ ಸುಮ್ಮನೆ ನಿಲ್ಲುತ್ತದೆ, ಕೈಮುಗಿಯುವುದಿಲ್ಲ, ಪ್ರಾರ್ಥನೆ ಹೇಳುವುದಿಲ್ಲ, ಅದಕ್ಕಾಗಿ ಎಲ್ಲರ ಮುಂದೆ ಬೈಯಬೇಡಿ ಅಂತ ಅಷ್ಟೇ ಇರಲಿ. ದೇವರಿಲ್ಲ ಅನ್ನುವುದಕ್ಕೆ ಕಾರಣಗಳನ್ನು ಅದರಲ್ಲಿ ಬರೆಯಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸೀಲು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.